ಆಂಬ್ಯುಲೆನ್ಸ್ ಹೊರಡುವ ಮುನ್ನವೇ ಚಿಕಿತ್ಸೆ ಆರಂಭವಾಗಲಿ

ಕಾರವಾರ: ಕಲುಷಿತ ಆಹಾರದಿಂದ ಬರುವ ವಾಂತಿ-ಭೇದಿ ಯುವಕರಲ್ಲಿ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಶಮನವಾಗುತ್ತದೆ. ವೃದ್ಧರಲ್ಲಿ ಅದೇ ಸೋಂಕು ರಕ್ತಕ್ಕೆ ಹರಡಿ ನಂಜಾಗಬಹುದು. ನಿರ್ಜಲೀಕರಣದಿಂದ ಮೂತ್ರಪಿಂಡ ವಿಫಲವಾಗಬಹುದು. ಇಳಿವಯಸ್ಸಿನಲ್ಲಿ ಬಾಯಾರಿಕೆಯ ಅರಿವು ಕಡಿಮೆ. ರಕ್ತದೊತ್ತಡದ ಕೆಲವು ಮಾತ್ರೆಗಳೂ ಆ ಹೊತ್ತಿನಲ್ಲಿ ಅಪಾಯ ಹೆಚ್ಚಿಸುತ್ತವೆ.

ನಂಜಿನಿಂದ ರಕ್ತದೊತ್ತಡ ಕುಸಿದವರಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯೋಟಿಕ್ ನೀಡಬೇಕೆಂಬುದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ. ಅಂಕೋಲಾದಿಂದ ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಗೆ 30ಕ್ಕೂ ಹೆಚ್ಚು ಕಿ.ಮೀ. ದೂರ. ಮಣಿಪಾಲ, ಹುಬ್ಬಳ್ಳಿಗಳು ಗಂಟೆಗಟ್ಟಲೆ ಹಾದಿ. ಆ ಹಾದಿಗೂ ಭರವಸೆಯಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯಿತು. ಆಗಸ್ಟ್ 7ರಂದು ಗೋವಾ ಮಾರ್ಗದ ಹಳೆಯ ಕಾಳಿ ಸೇತುವೆಯೇ ಕುಸಿಯಿತು.

ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ 2022ರಲ್ಲಿ ಜಿಲ್ಲೆಯ ಜನ ‘ಆಸ್ಪತ್ರೆ ಇಲ್ಲದಿದ್ದರೆ ಮತವಿಲ್ಲ’ ಎಂದು ಅಭಿಯಾನ ನಡೆಸಿದ್ದು ನ್ಯಾಯವೇ. ಡಯಾಲಿಸಿಸ್, ತೀವ್ರ ನಿಗಾ ಘಟಕಗಳು ಬೇಕೇ ಬೇಕು. ಆದರೆ ರೋಗಿ ಅಲ್ಲಿಗೆ ತಲುಪುವವರೆಗೆ ಜೀವ ಉಳಿಸಬೇಕಾದುದು ತಾಲ್ಲೂಕು ಆಸ್ಪತ್ರೆ. ಅಲ್ಲಿ ರಾತ್ರಿಯೂ ವೈದ್ಯರಿರಬೇಕು. ಡ್ರಿಪ್ ಹಾಗೂ ಆ್ಯಂಟಿಬಯೋಟಿಕ್‌ನ ಮೊದಲ ಡೋಸ್ ನೀಡಿದ ಬಳಿಕವೇ ರೋಗಿಯನ್ನು ಸಾಗಿಸಬೇಕು.

ಮನೆಯವರಿಗೂ ಹೊಣೆಯಿದೆ. ತೊದಲು ಮಾತು, ಮಂಕು, ಏದುಸಿರು, ಮೂತ್ರ ಕಡಿಮೆಯಾಗುವುದು, ಮಲದಲ್ಲಿ ರಕ್ತ ಕಂಡರೆ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟು ಬೆಳಗಾಗಲೆಂದು ಕಾಯುವುದು ಸಲ್ಲದು.