ನೀರಳೆಯುವ ಉಪಕರಣ: ಮೊದಲು ಹೊಲದಲ್ಲಿ ಪರೀಕ್ಷೆ, ನಂತರ ಮಾರಾಟ

ಕೋಲಾರದ ಟೊಮೆಟೊ ಮಂಡಿ, ಮುಳಬಾಗಿಲು ಮತ್ತು ಮಾಲೂರು ಕಡೆಯ ರೇಷ್ಮೆ, ತರಕಾರಿಗಳ ವಹಿವಾಟು ಬಹುಮಟ್ಟಿಗೆ ಕೊಳವೆಬಾವಿಯನ್ನು ಅವಲಂಬಿಸಿವೆಯೆಂಬುದು ನಮ್ಮ ಸದಸ್ಯರಿಗೆ ಹೊಸ ವಿಷಯವೇನಲ್ಲ. ವರ್ಷವಿಡೀ ಹರಿಯುವ ನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ಸಾವಿರ ಅಡಿ ಕೊರೆಸಿಯೂ ಬರಿಗೈಯಾದವರಿದ್ದಾರೆ. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೆರೆಗಳಿಗೆ ಹರಿದುಬಂದಿದ್ದರೂ ಮಿತಬಳಕೆಯ ಅಗತ್ಯ ತಪ್ಪಿಲ್ಲ.

ಆದ್ದರಿಂದ ಬೆಳೆಯ ನೀರಿನ ಬಳಕೆಯನ್ನು ತಿಳಿಸುವ ಸೆನ್ಸರ್ ಉಪಕರಣಗಳಿಗೆ ಇಲ್ಲಿ ಮಾರುಕಟ್ಟೆ ಇದೆ. ಆದರೆ ಸ್ಥಳೀಯ ಹೊಲಗಳಲ್ಲಿ ಕನಿಷ್ಠ ಎರಡು ಹಂಗಾಮು ಪರೀಕ್ಷಿಸದೆ ಅವುಗಳನ್ನು ಅಂಗಡಿಗೆ ತರುವುದು ಉಚಿತವಲ್ಲವೆಂಬುದು ನಮ್ಮ ಅಭಿಪ್ರಾಯ. ಇವುಗಳಲ್ಲಿ ಹೆಚ್ಚಿನವು ಅಳೆಯುವುದು ಮಣ್ಣಿನ ತೇವವನ್ನು ಮಾತ್ರ. ಬೆಳೆ ಹೀರಿದ ನೀರನ್ನು ತೇವದ ಇಳಿಕೆಯಿಂದ ಲೆಕ್ಕಹಾಕಲಾಗುತ್ತದೆ. ನಮ್ಮ ಗರಸು ಮಿಶ್ರಿತ ಕೆಂಪು ಮಣ್ಣಿನಲ್ಲಿ ಕಡ್ಡಿಯ ಸುತ್ತ ಗಾಳಿಯ ಸಂದು ಉಳಿದರೂ, ನೀರಿನಲ್ಲಿ ಲವಣಾಂಶ ಹೆಚ್ಚಿದರೂ ಲೆಕ್ಕ ತಪ್ಪುವುದು. ದಿನಕ್ಕೆ ಒಂದು ಮಿಲಿಮೀಟರ್ ತಪ್ಪೆಂದರೆ ಎಕರೆಗೆ ಸುಮಾರು 4,000 ಲೀಟರ್. ನೂರು ದಿನದ ಬೆಳೆಗೆ 4 ಲಕ್ಷ ಲೀಟರ್! ತಕ್ಕಡಿಯಲ್ಲಿ ಇಂತಹ ವ್ಯತ್ಯಾಸವನ್ನು ಯಾವ ವರ್ತಕನೂ ಒಪ್ಪಲಾರ.

ಪರೀಕ್ಷೆಯೇನೂ ದುಬಾರಿಯಲ್ಲ. ಕಡ್ಡಿಯ ಪಕ್ಕದ ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಒಲೆಯಲ್ಲಿ ಒಂದು ದಿನ ಒಣಗಿಸಿ, ಪುನಃ ತೂಗಿ ಉಪಕರಣದ ಅಂಕಿಯೊಡನೆ ಹೋಲಿಸಿದರಾಯಿತು.

ಈ ವಿಷಯದಲ್ಲಿ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರವನ್ನು ನೆನೆಯಬೇಕು. 2000ರ ದಶಕದ ಮಧ್ಯಭಾಗದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಲೊಸಾನ್ ನಗರದ ತಾಂತ್ರಿಕ ಸಂಸ್ಥೆಗಳು 'ಕಾಮನ್‌ಸೆನ್ಸ್ ನೆಟ್' ಯೋಜನೆಯಡಿ ಅಲ್ಲಿನ ಒಣಬೇಸಾಯದ ಹೊಲಗಳಲ್ಲಿ ನಿಸ್ತಂತು ಸೆನ್ಸರುಗಳನ್ನು ಅಳವಡಿಸಿದ್ದವು. ಅಲ್ಲಿನ ಮುಖ್ಯ ಬೆಳೆ ಮಳೆಯಾಶ್ರಿತ ನೆಲಗಡಲೆ. ತಿರುಗಿಸಲು ಗೇಟ್‌ವಾಲ್ವೇ ಇಲ್ಲದ ರೈತನು ತೇವ ಇಳಿದಿದೆಯೆಂದು ತಿಳಿದು ಮಾಡುವುದೇನು? ಉಪಕರಣವನ್ನು ಯಾರಿಗೆ ಮಾರಬೇಕೆಂಬ ಪ್ರಶ್ನೆ ಇಲ್ಲಿದೆ. ಹನಿ ನೀರಾವರಿಯ ಟೊಮೆಟೊ ಬೆಳೆಗಾರನಿಗೆ ಅದು ಇಂದೇ ಉಪಯುಕ್ತ. ಮಳೆಯನ್ನೇ ನಂಬಿದ ಶ್ರೀನಿವಾಸಪುರದ ಮಾವಿನ ತೋಪಿಗೆ ಸದ್ಯಕ್ಕಲ್ಲ.

ಸಣ್ಣ ಕೈಗಾರಿಕೆಗಳಿಗೂ ಇಲ್ಲಿ ಅವಕಾಶವುಂಟು. ಬಿಸಿಲು-ಮಳೆ ತಡೆಯುವ ಪೆಟ್ಟಿಗೆ, ಇಲಿ ಕಡಿಯದ ಕೇಬಲ್, ಬ್ಯಾಟರಿ, ದುರಸ್ತಿ ಇವೆಲ್ಲ ಮಾಲೂರಿನಲ್ಲಿಯೇ ಆಗಬಲ್ಲ ಕೆಲಸಗಳು. ನಡುಹಂಗಾಮಿನಲ್ಲಿ ಕೆಟ್ಟ ಉಪಕರಣ ದೂರದೂರಿಗೆ ಹೋಗಿ ಬರುವಷ್ಟರಲ್ಲಿ ಬೆಳೆಯೇ ಕೊಯ್ಲಾಗಿರುತ್ತದೆ.

ಮುಂದಿನ ಹಿಂಗಾರಿಗೆ ಮೊದಲು ನಾಲ್ಕು ತಾಲ್ಲೂಕುಗಳಲ್ಲಿ ತಲಾ ಒಂದು ಹೊಲವನ್ನು ಆರಿಸೋಣ. ಉಪಕರಣದ ವೆಚ್ಚವನ್ನು ತಯಾರಕರು ಭರಿಸಲಿ, ಮಣ್ಣು ತೂಗುವ ವೆಚ್ಚವನ್ನು ನಮ್ಮ ಸಂಸ್ಥೆ ವಹಿಸಲಿ. ಫಲಿತಾಂಶ ತಯಾರಕರಿಗೆ ಅನುಕೂಲವಾಗಿರಲಿ, ಪ್ರತಿಕೂಲವಾಗಿರಲಿ, ಇದೇ ಪತ್ರಿಕೆಯಲ್ಲಿ ಅಂಕಿ-ಅಂಶ ಸಹಿತ ಪ್ರಕಟವಾಗಬೇಕು.