ಕೆಲಸದ ನಡುವೆ ಎಚ್ಚರ

ರೈಲಿನ ಎಂಜಿನ್ನಿನಲ್ಲಿ ಲೋಕೋ ಪೈಲಟ್ ಜೊತೆಗೆ ಸಹಾಯಕರೊಬ್ಬರು ಇರುತ್ತಾರೆ. ಮುಂದೆ ಸಿಗ್ನಲ್ ಕಂಡ ಕೂಡಲೇ ಕೈ ಚಾಚಿ, ಅದು ಯಾವ ಬಣ್ಣದಲ್ಲಿದೆ ಎಂದು ಇಬ್ಬರೂ ಒಬ್ಬರಿಗೊಬ್ಬರು ಗಟ್ಟಿಯಾಗಿ ಹೇಳಿಕೊಳ್ಳಬೇಕು. ಒಂದೇ ಮಾರ್ಗದಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿದವರಿಗೂ ವಿನಾಯಿತಿಯಿಲ್ಲ. ಹಸಿರು ದೀಪವನ್ನೇ ಸಾವಿರ ಸಲ ನೋಡಿದ ಕಣ್ಣು ಕೆಂಪು ಉರಿಯುತ್ತಿರುವಾಗಲೂ ಹಸಿರನ್ನೇ ಕಂಡುಬಿಡಬಹುದು ಎಂಬ ಅನುಭವದಿಂದ ಹುಟ್ಟಿದ ಶಿಸ್ತು ಇದು. ಜಪಾನಿನ ರೈಲ್ವೆಯಲ್ಲಿ ಬೆರಳು ತೋರಿಸಿ ಕೂಗಿ ಹೇಳುವ ಪದ್ಧತಿ ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಇದೆ. ಅಲ್ಲಿನ ರೈಲ್ವೆ ಸಂಶೋಧನಾ ಸಂಸ್ಥೆ 1990ರ ದಶಕದಲ್ಲಿ ಇದನ್ನು ಪರೀಕ್ಷೆಗೆ ಒಡ್ಡಿದಾಗ, ಒಂದು ಸರಳ ಕೆಲಸದಲ್ಲಿ ನೂರಕ್ಕೆ 2.38ರಷ್ಟು ಆಗುತ್ತಿದ್ದ ತಪ್ಪು 0.38ಕ್ಕೆ ಇಳಿಯಿತು.

ಎಚ್ಚರ, ಅರಿವು, ಈ ಕ್ಷಣದಲ್ಲಿ ಇರುವುದು ಎಂದೆಲ್ಲ ಇವತ್ತು ನಾವು ಮಾತನಾಡುವಾಗ ಕಣ್ಣ ಮುಂದೆ ಬರುವ ಚಿತ್ರ ಬೇರೆಯೇ. ಕಣ್ಣು ಮುಚ್ಚಿದ ಮುಖ, ಮೆಲುದನಿಯ ಸಂಗೀತ, ಫೋನಿನೊಳಗಿನ ಆ್ಯಪು ಹೇಳಿಕೊಡುವ ಹತ್ತು ನಿಮಿಷದ ಉಸಿರಾಟ. ಅದರಿಂದ ಪ್ರಯೋಜನವಿಲ್ಲ ಎಂದು ನಾನು ಹೇಳುತ್ತಿಲ್ಲ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಾಟ್-ಜಿನ್ ಆಸ್ಪತ್ರೆಯೊಳಗೆ ಧ್ಯಾನದ ತರಬೇತಿ ಆರಂಭಿಸಿದ್ದು ಬಹುಕಾಲದ ನೋವಿನಿಂದ ನರಳುತ್ತಿದ್ದವರಿಗಾಗಿ. ಎಷ್ಟೋ ಜನರಿಗೆ ಅದು ಆಸರೆಯಾಗಿದೆ. ನನ್ನ ತಕರಾರು ಇರುವುದು ಎಚ್ಚರವನ್ನು ದಿನದ ಒಂದು ಮೂಲೆಗೆ ಕೂರಿಸಿ, ಉಳಿದ ಹದಿನಾರು ಗಂಟೆಯನ್ನು ಮರೆವಿಗೆ ಬಿಟ್ಟುಕೊಡುವ ಏರ್ಪಾಡಿನ ಬಗ್ಗೆ. ಎಚ್ಚರದ ನಿಜವಾದ ಜಾಗ ಕೆಲಸದ ನಡುವೆ, ಇನ್ನೊಬ್ಬರ ಎದುರಿನಲ್ಲಿ.

ಆ ಹದಿನಾರು ಗಂಟೆ ಹೇಗೆ ಕಳೆಯುತ್ತದೆ ಎಂಬುದಕ್ಕೆ ಒಂದು ಅಂದಾಜು ಸಿಕ್ಕಿದೆ. ಹಾರ್ವರ್ಡ್‌ನ ಮ್ಯಾಥ್ಯೂ ಕಿಲ್ಲಿಂಗ್ಸ್‌ವರ್ತ್ ಮತ್ತು ಡೇನಿಯಲ್ ಗಿಲ್ಬರ್ಟ್ 2010ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 2,250 ವಯಸ್ಕರನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಫೋನಿನ ಮೂಲಕ ತಡೆದು, ಈಗ ಏನು ಮಾಡುತ್ತಿದ್ದೀರಿ, ಮನಸ್ಸು ಎಲ್ಲಿದೆ ಎಂದು ಕೇಳಿದರು. ಶೇ. 46.9ರಷ್ಟು ಸಲ ಮನಸ್ಸು ಕೈಯಲ್ಲಿದ್ದ ಕೆಲಸದ ಮೇಲೆ ಇರಲಿಲ್ಲ. ಯಾವ ಕೆಲಸ ಮಾಡುತ್ತಿದ್ದರು ಎಂಬುದಕ್ಕಿಂತ ಮನಸ್ಸು ಅಲ್ಲಿತ್ತೋ ಇಲ್ಲವೋ ಎಂಬುದೇ ಅವರ ಸಂತೋಷಕ್ಕೆ ಹೆಚ್ಚು ಸಂಬಂಧಪಟ್ಟಿತ್ತು.

ಈ ವಿಷಯದಲ್ಲಿ ಹಳಬರು ನಮಗಿಂತ ನಿಷ್ಠುರರಾಗಿದ್ದರು. ಪಾಲಿಯ ಸತಿಪಟ್ಠಾನ ಸುತ್ತದಲ್ಲಿ ಬುದ್ಧ ಉಸಿರಿನಿಂದ ಮೊದಲುಮಾಡುತ್ತಾನೆ, ಆದರೆ ಅಲ್ಲೇ ನಿಲ್ಲುವುದಿಲ್ಲ. ನಡೆಯುವಾಗ, ತಿರುಗಿ ನೋಡುವಾಗ, ಕೈಕಾಲು ಮಡಚುವಾಗ, ಚಾಚುವಾಗ, ಉಣ್ಣುವಾಗ, ಮಾತನಾಡುವಾಗ, ಸುಮ್ಮನಿರುವಾಗ, ಕೊನೆಗೆ ಮಲಮೂತ್ರ ವಿಸರ್ಜನೆಯ ಹೊತ್ತಿನಲ್ಲೂ ಭಿಕ್ಷು ತಾನೇನು ಮಾಡುತ್ತಿದ್ದೇನೆ ಎಂಬ ತಿಳಿವಿನಲ್ಲಿರಬೇಕು ಎಂದು ಒಂದೊಂದನ್ನೂ ಹೆಸರಿಸುತ್ತಾನೆ. ಪವಿತ್ರವೆಂದು ಬೇರೆ ತೆಗೆದಿಟ್ಟ ಗಳಿಗೆ ಅಲ್ಲಿಲ್ಲ. ಇದು ಸನ್ಯಾಸಿಗಳಿಗೆ ಹೇಳಿದ ಮಾತಲ್ಲವೇ ಎಂದು ಕೇಳುವವರು ಬರ್ಮಾದ ಊ ಬಾ ಖಿನ್ ಅವರನ್ನು ನೆನೆಯಬೇಕು. ಅವರು ಸ್ವತಂತ್ರ ಬರ್ಮಾದ ಅಕೌಂಟೆಂಟ್ ಜನರಲ್, ಸಂಸಾರಸ್ಥರು. ಲೆಕ್ಕಪತ್ರದ ಕಚೇರಿಯಲ್ಲೇ ತಮ್ಮ ಸಿಬ್ಬಂದಿಗೆ ಧ್ಯಾನ ಕಲಿಸಿದವರು. 1969ರಲ್ಲಿ ವಿಪಶ್ಯನ ಧ್ಯಾನವನ್ನು ಭಾರತಕ್ಕೆ ತಂದ ಗೋಯೆಂಕಾ ಇದೇ ಬಾ ಖಿನ್ ಅವರ ಶಿಷ್ಯರು.

ಆದರೂ ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಪ್ರತಿ ಕೆಲಸವನ್ನೂ ಗಮನಿಸುತ್ತ ಕೂತರೆ ಯಾವ ಕೆಲಸವೂ ಸಾಗದು. ವೀಣೆ ನುಡಿಸುವಾಕೆ ಪ್ರತಿ ಬೆರಳಿನ ಚಲನೆಯನ್ನೂ ಪರೀಕ್ಷಿಸತೊಡಗಿದರೆ ರಾಗ ಮುರಿಯುತ್ತದೆ. ವಿಲಿಯಂ ಜೇಮ್ಸ್ 1890ರಲ್ಲಿ ಬಂದ ತನ್ನ ಮನಶ್ಶಾಸ್ತ್ರದ ಮಹಾಗ್ರಂಥದಲ್ಲಿ ಅಭ್ಯಾಸಬಲದ ಪರವಾಗಿ ವಾದಿಸಿದ್ದು ಇದನ್ನೇ: ದಿನನಿತ್ಯದ ಸಣ್ಣಪುಟ್ಟ ಕೆಲಸಗಳನ್ನು ರೂಢಿಗೆ ಒಪ್ಪಿಸಿದಷ್ಟೂ ಮನಸ್ಸು ಮೇಲಿನ ಕೆಲಸಗಳಿಗೆ ಬಿಡುವಾಗುತ್ತದೆ. ನಾನು ಇದನ್ನು ಪೂರ್ತಿ ಒಪ್ಪುತ್ತೇನೆ. ಹಾಗಾಗಿಯೇ ಲೋಕೋ ಪೈಲಟ್ ದಾರಿಯುದ್ದಕ್ಕೂ ಕೂಗುತ್ತ ಹೋಗುವುದಿಲ್ಲ, ಸಿಗ್ನಲ್ ಬಂದಾಗ ಕೂಗುತ್ತಾನೆ. ನಮ್ಮ ದಿನದಲ್ಲೂ ಅಂಥ ಜಾಗಗಳು ಕೆಲವೇ. ಸಿಟ್ಟು ನಾಲಿಗೆಗೆ ಬರುವ ಹೊತ್ತು. ಅಗತ್ಯವಿಲ್ಲದೆ ಕೈ ಫೋನಿನತ್ತ ಹೋಗುವ ಹೊತ್ತು. ಮಗು ಶಾಲೆಯ ಸುದ್ದಿ ಹೇಳಲು ಎದುರು ನಿಂತ ಹೊತ್ತು. ಸಾಕು ಎಂಬಲ್ಲಿ ಬೇಕು ಎನಿಸುವ ಹೊತ್ತು. ಉಳಿದದ್ದನ್ನು ರೂಢಿ ನೋಡಿಕೊಳ್ಳಲಿ.

ಸಾಕು–ಬೇಕುಗಳ ಮಾತು ಬಂದಾಗ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯನ್ನು ಬಿಟ್ಟು ಮುಂದೆ ಹೋಗಲಾರೆ. ಹನ್ನೆರಡನೆಯ ಶತಮಾನದಲ್ಲಿ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರಿನ ಕಡೆಯಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಶರಣರ ಪರಂಪರೆ ಹೇಳುವ ಕಥೆಯಂತೆ, ಒಂದು ದಿನ ಮಾರಯ್ಯ ಅನುಭಾವದ ಚರ್ಚೆಯಲ್ಲಿ ಮೈಮರೆತು ಕಾಯಕವನ್ನೇ ಮರೆತ. ಎಚ್ಚರಿಸಿದವಳು ಲಕ್ಕಮ್ಮ. ಅವನು ಅವಸರದಲ್ಲಿ ಓಡಿಹೋಗಿ ದಿನಕ್ಕಿಂತ ಹೆಚ್ಚು ಅಕ್ಕಿ ತಂದ. ಅವಳು ಅಕ್ಕಿಯನ್ನು ನೋಡಿದಳು. ಹೆಚ್ಚಾದದ್ದು ಆಸೆಯ ಗುರುತು, ತಂದಲ್ಲೇ ಸುರಿದು ಬಾ ಎಂದು ಹಿಂದಕ್ಕೆ ಕಳಿಸಿದಳು.

ಈ ಕಥೆಯನ್ನು ನಿಸ್ಪೃಹತೆಯ ಉದಾಹರಣೆಯಾಗಿ ಶಾಲೆಯಲ್ಲಿ ಓದಿದ್ದೇವೆ. ಎಚ್ಚರದ ಕಥೆಯಾಗಿ ಓದಿದರೆ ಇನ್ನೂ ದೊಡ್ಡದು. ಅವನು ಮರೆತದ್ದು ಲೋಕದ ಗದ್ದಲದಲ್ಲಿ ಅಲ್ಲ, ಅರಿವಿನ ಬಗ್ಗೆಯೇ ನಡೆಯುತ್ತಿದ್ದ ಮಾತಿನಲ್ಲಿ. ಆಧ್ಯಾತ್ಮಿಕ ಚರ್ಚೆಯೂ ಮರೆವಿನ ತಾಣವಾಗಬಲ್ಲದು. ಎರಡನೆಯದಾಗಿ, ತಪ್ಪನ್ನು ತಿದ್ದಿಕೊಳ್ಳುವ ಅವಸರದಲ್ಲೇ ಅವನು ಇನ್ನೊಂದು ತಪ್ಪು ಮಾಡಿದ. ಬುಟ್ಟಿ ತುಂಬುವಾಗ ಕೈ ಮಾತ್ರ ಅಲ್ಲಿತ್ತು. ಮತ್ತು ಎರಡು ಸಲವೂ ಅವನಿಗೆ ಅವನ ಸ್ಥಿತಿ ಕಂಡದ್ದು ಲಕ್ಕಮ್ಮನ ಕಣ್ಣಿನಿಂದ. ತನ್ನನ್ನು ತಾನು ನೋಡಿಕೊಳ್ಳುವ ಶಕ್ತಿ ಮನುಷ್ಯನಲ್ಲಿ ಇದ್ದೇ ಇದೆ, ಆದರೆ ಅದಕ್ಕೆ ಕುರುಡು ಬದಿಯೊಂದಿದೆ. ಆ ಬದಿಯಲ್ಲಿ ನಿಂತು ಹೇಳುವ ಇನ್ನೊಬ್ಬರು ಬೇಕು. ಎಂಜಿನ್ನಿನಲ್ಲಿ ಸಹಾಯಕ ಇರುವುದೂ ಇದಕ್ಕೇ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ತಪಾಸಣಾ ಪಟ್ಟಿಯೂ ಇದನ್ನೇ ಮಾಡುತ್ತದೆ: ಕತ್ತಿ ತಾಗಿಸುವ ಮೊದಲು ಎಲ್ಲರೂ ನಿಂತು, ರೋಗಿ ಯಾರು, ಶಸ್ತ್ರಚಿಕಿತ್ಸೆ ಯಾವುದು ಎಂದು ಬಾಯಿಬಿಟ್ಟು ಹೇಳಬೇಕು. ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಜಾರಿಗೆ ತಂದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು ಎಂದು 2009ರಲ್ಲಿ ವರದಿಯಾಯಿತು. ನುರಿತ ವೈದ್ಯರನ್ನೂ ಒಂದು ಗಳಿಗೆ ತಡೆದು ನಿಲ್ಲಿಸಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಎಚ್ಚರವನ್ನು ಒಬ್ಬೊಬ್ಬರ ಸ್ವಂತ ಸಾಧನೆ ಎಂದು ಹೇಳಿಬಿಡುವುದರಲ್ಲಿ ಇನ್ನೊಂದು ಅನ್ಯಾಯವೂ ಇದೆ. ತಮಿಳುನಾಡಿನ ಕಬ್ಬು ಬೆಳೆಗಾರರ ಬಗ್ಗೆ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಕಟಾವಿಗೆ ಮುಂಚೆ ಕೈ ಬರಿದಾಗಿದ್ದಾಗ, ಕಟಾವಿನ ನಂತರ ಹಣ ಬಂದಾಗ, ಅದೇ ರೈತರಿಗೆ ಬುದ್ಧಿಯ ಪರೀಕ್ಷೆಗಳನ್ನು ಕೊಟ್ಟು ನೋಡಿದರು. ಹಣ ಬಂದ ಮೇಲೆ ಅದೇ ಮನುಷ್ಯ ಸ್ಪಷ್ಟವಾಗಿ ಹೆಚ್ಚು ಚೆನ್ನಾಗಿ ಮಾಡಿದ. ಸಾಲ, ಬಾಡಿಗೆ, ಔಷಧಿಯ ಚಿಂತೆ ಮನಸ್ಸಿನ ಜಾಗವನ್ನು ತಿನ್ನುತ್ತದೆ. ನಿಮಿಷಗಳ ಗಡುವಿನಲ್ಲಿ ಟ್ರಾಫಿಕ್ ನಡುವೆ ನುಗ್ಗುವ ಡೆಲಿವರಿ ಹುಡುಗನಿಗೆ ಈ ಕ್ಷಣದಲ್ಲಿ ಬದುಕು ಎಂದು ಉಪದೇಶಿಸುವುದು ಕ್ರೂರ. ನೌಕರರಿಗೆ ಧ್ಯಾನದ ತರಗತಿ ಏರ್ಪಡಿಸಿ, ರಾತ್ರಿ ಹನ್ನೊಂದಕ್ಕೂ ಉತ್ತರ ಬಯಸುವ ಕಂಪನಿ ಒಂದು ಕೈಯಿಂದ ಕೊಟ್ಟು ಇನ್ನೊಂದರಿಂದ ಕಿತ್ತುಕೊಳ್ಳುತ್ತದೆ. ಜನರ ಗಮನ ಉಳಿಯಬೇಕಾದರೆ ಅವರ ಕೆಲಸದ ಹೊತ್ತು, ಕೂಲಿ, ವಿಶ್ರಾಂತಿ ಮೊದಲು ಸರಿಯಾಗಬೇಕು. ಇದನ್ನು ಹೇಳದ ಎಚ್ಚರದ ಬೋಧನೆಯನ್ನು ನಾನು ನಂಬಲಾರೆ.

ಹಾಗೆಂದು ಆ ದಿನ ಬರುವವರೆಗೆ ಕಾಯುತ್ತ ಕೂರಬೇಕಿಲ್ಲ. ಬಿಡುವಿರುವ ನಮ್ಮಂಥವರಿಗೆ ನೆಪವೂ ಇಲ್ಲ. ಧ್ಯಾನದಲ್ಲಿ ಕಳೆದ ನಿಮಿಷಗಳನ್ನು ಲೆಕ್ಕ ಹಾಕುವ ಬದಲು, ಜೊತೆಯಲ್ಲಿ ಬದುಕುವವರನ್ನು ಕೇಳಿ ನೋಡಿ: ನಾನು ಎದುರಿಗಿದ್ದೂ ಇಲ್ಲದಂತಿರುವುದು ಯಾವಾಗ? ಅವರು ಹೇಳುವುದನ್ನು ನಡುವೆ ಬಾಯಿ ಹಾಕದೆ ಕೊನೆಯವರೆಗೆ ಕೇಳಿಸಿಕೊಳ್ಳಿ.