ಲೆಕ್ಕ ಪ್ಲಗ್ಗಿನಿಂದ ಅಲ್ಲ, ಕಲ್ಲಿದ್ದಲಿನಿಂದ

"ನಿಮ್ಮೂರಲ್ಲಿ ಇನ್ನೂ ಡೀಸೆಲ್ ಪಂಪಾ? ನನ್ನ ಎಲೆಕ್ಟ್ರಿಕ್ ಸ್ಕೂಟರ್ ನೋಡು ಗುರು, 90 ಪರ್ಸೆಂಟ್ ಎಫಿಷಿಯೆನ್ಸಿ!" ಅಂದ ಆಫೀಸಿನ ಗೆಳೆಯ. ಸುರಪುರದ ಹತ್ತಿರದ ಹೊಲದಲ್ಲಿ ಅಪ್ಪ ಇಂಜಿನ್ನಿನ ಹ್ಯಾಂಡಲ್ ತಿರುಗಿಸೋದನ್ನ ನೋಡ್ತಾ ಬೆಳೆದ ನನಗೆ ನಗು ಬರಲಿಲ್ಲ.

ನಿಜ, ಆ ಇಂಜಿನ್ನು ದುಂದುಗಾರ. 100 ರೂಪಾಯಿ ಎಣ್ಣೆ ಸುಟ್ಟರೆ 25-30 ರೂಪಾಯಿಯಷ್ಟು ಕೆಲಸ. ಉಳಿದದ್ದು ಹೊಗೆ, ಬಿಸಿನೀರು. "ರೊಕ್ಕ ನಮ್ದು, ಬಿಸಿ ಗಾಳಿಗಿ" ಅಂತಿದ್ದ ಅಪ್ಪ. ಮೂರು ಫೇಸ್ ಕರೆಂಟು ದಿನಕ್ಕೆ ಕೆಲವೇ ತಾಸು ಬಂದರೆ ಮತ್ತೇನು ಮಾಡಬೇಕ್ರಿ?

ಈಗ ಗೆಳೆಯನ ಲೆಕ್ಕ. ಅವನು ಎಣಿಸೋದು ಪ್ಲಗ್ಗಿನಿಂದ. ನಾನು ಕಲ್ಲಿದ್ದಲಿನಿಂದ ಎಣಿಸ್ತೀನಿ. ಸುರಪುರ, ಶಹಾಪುರ ದಾಟಿದ ಕೃಷ್ಣೆ ಮುಂದೆ ಶಕ್ತಿನಗರಕ್ಕೆ ಹೋಗ್ತಾಳೆ. ಅಲ್ಲಿ 1985ರಿಂದ ರಾಯಚೂರು ಶಾಖೋತ್ಪನ್ನ ಕೇಂದ್ರ ಉರೀತಿದೆ. ಎಂಟು ಘಟಕ, 1,720 ಮೆಗಾವ್ಯಾಟ್. ಅದೂ ಒಂದು ಹೀಟ್ ಇಂಜಿನ್ನೇ, ದೊಡ್ಡದು ಅಷ್ಟೆ. ಕಾರ್ನೋ 1824ರಲ್ಲೇ ಮಿತಿ ಹೇಳಿಟ್ಟ: ಬಿಸಿ ತುದಿಗೂ ತಣ್ಣನೆ ತುದಿಗೂ ಇರುವ ಅಂತರ ಎಷ್ಟೋ ಅಷ್ಟೇ ಫಲ. 540 ಡಿಗ್ರಿ ಹಬೆ, 45 ಡಿಗ್ರಿ ಕಂಡೆನ್ಸರ್ ಅಂದರೆ ಆದರ್ಶ ಇಂಜಿನ್ನಿಗೂ 61 ಪರ್ಸೆಂಟ್ ದಾಟಲಾಗದು. ಈ ಬಗೆಯ ಹಳೇ ಘಟಕಗಳಿಗೆ ಸಿಗೋದು ಸುಮಾರು 35. ಲೈನು, ಚಾರ್ಜರ್, ಬ್ಯಾಟರಿ, ಮೋಟರ್ ತಮ್ಮ ಪಾಲು ತಿಂದ ಮೇಲೆ ಚಕ್ರಕ್ಕೆ 25ರ ಆಸುಪಾಸು. ಅಪ್ಪನ ಇಂಜಿನ್ನಿನ ಪಕ್ಕಕ್ಕೇ ಬಂತಲ್ಲ!

ಕರ್ನಾಟಕದ ಎಲ್ಲ ಕರೆಂಟೂ ಕಲ್ಲಿದ್ದಲಿನದಲ್ಲ, ಒಪ್ಪಿದೆ. ಬಿಸಿಲು, ಗಾಳಿ, ನೀರು ಸೇರಿದಷ್ಟೂ ಸ್ಕೂಟರ್ ಗೆಲ್ಲುತ್ತೆ. ಆದರೆ ನೀವು ರಾತ್ರಿ ಹನ್ನೊಂದಕ್ಕೆ ಪ್ಲಗ್ ಹಾಕುವಾಗ ಪಾವಗಡದ ಸೋಲಾರ್ ಪಾರ್ಕ್ ಮಲಗಿರುತ್ತೆ. ಬೆಳಕು ಬೆಂಗಳೂರಿಗೆ ಬರುತ್ತೆ. ಬೂದಿ, ಬಿಸಿ ನಮ್ಮ ಸೀಮೆಯಲ್ಲೇ ಉಳಿಯುತ್ತೆ. ನಮ್ಮ ದೇಶದ ಕಲ್ಲಿದ್ದಲಲ್ಲಿ ಮೂರನೇ ಒಂದು ಭಾಗದಷ್ಟು ಬೂದಿಯೇ ಇರುತ್ತೆ ಅನ್ನೋದು ನೆನಪಿರಲಿ.

ಸ್ಕೂಟರ್ ಬಿಡಿ ಅಂತಿಲ್ಲ. ಆಫೀಸ್ ಪಾರ್ಕಿಂಗಿನಲ್ಲಿ ಚಾರ್ಜಿಂಗ್ ಕೇಳಿ, ಮಧ್ಯಾಹ್ನ ಬಿಸಿಲಿದ್ದಾಗ ಚಾರ್ಜ್ ಮಾಡಿ. ನಮ್ಮ ರೈತರಿಗೂ ಹಗಲು ಕರೆಂಟು ಕೊಡಿ ಅಂತ ನೀವೂ ದನಿ ಎತ್ತಿ. ಅಲ್ಲಿತನಕ ಅಪ್ಪನ ಇಂಜಿನ್ನು ನೋಡಿ ನಗಬೇಡಿ. ಅದರ ಹೊಗೆ ಅವನ ಕಣ್ಣಿಗೇ ಬೀಳ್ತಿತ್ತು. ನಿಮ್ಮ ಹೊಗೆ ನಿಮಗೆ ಕಾಣೋದಿಲ್ಲ, ಅಷ್ಟೇ ಫರಕು.